ಪಾತ್ರವಾಡುವ ಆಟ: ಮಕ್ಕಳ ಮನಸ್ಸಿಗೆ ಹಾನಿಯೇ, ಹಿತವೇ?

ನೀವು ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಶನಿವಾರದ ಸಂಜೆ. ಹದಿನಾಲ್ಕರ ಮೊಮ್ಮಗ ನಾಲ್ವರು ಗೆಳೆಯರ ಜೊತೆ ಊಟದ ಮೇಜಿನ ಸುತ್ತ ಕುಳಿತಿದ್ದಾನೆ. ಮೇಜಿನ ಮೇಲೆ ಕಾಗದ, ಪೆನ್ಸಿಲ್, ಬಣ್ಣಬಣ್ಣದ ದಾಳಗಳು, ಚಿಪ್ಸ್ ಪೊಟ್ಟಣ. "ರಾಜನನ್ನು ಕೊಂದವರು ಯಾರು? ನೀನು ಕಣ್ಣಾರೆ ಕಂಡಿದ್ದೀಯ, ಹೇಳು!" ಎಂದು ಒಬ್ಬ ಗದರುತ್ತಾನೆ. ಹೊಸ ಶಾಲೆಗೆ ಸೇರಿದಂದಿನಿಂದ ಮನೆಯವರೊಡನೆಯೂ ಸರಿಯಾಗಿ ಮಾತಾಡದ ನಿಮ್ಮ ಮೊಮ್ಮಗ ನಡುಗುವ ದನಿಯಲ್ಲಿ ಉತ್ತರಿಸುತ್ತಾನೆ: "ಕಂಡಿದ್ದೆ. ಹೇಳಲು ಹೆದರಿಕೆಯಾಗಿತ್ತು."

ನಿಮಗೆ ಗಾಬರಿ. ಕೊಲೆ, ರಾಜ, ಸಾಕ್ಷಿ! ಹುಡುಗನ ತಲೆ ಕೆಟ್ಟಿದೆಯೇ?

ಗಾಬರಿ ಬೇಡ. ಅವನು ಆಡುತ್ತಿದ್ದಾನೆ. ಆದರೆ ಅವನ ಆ ಮಾತನ್ನು ಮಾತ್ರ ಮರೆಯಬೇಡಿ. ಅದರ ವಿಷಯಕ್ಕೆ ಮತ್ತೆ ಬರೋಣ.

ಏನಿದು ಆಟ?

ಇದನ್ನು 'ರೋಲ್ ಪ್ಲೇಯಿಂಗ್ ಗೇಮ್' ಎನ್ನುತ್ತಾರೆ. ಪಾತ್ರವಾಡುವ ಆಟ ಎನ್ನಬಹುದು. ಇವುಗಳಲ್ಲಿ ಮೊದಲನೆಯದಾದ 'ಡಂಜನ್ಸ್ ಅಂಡ್ ಡ್ರಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿದವರು. 2016ರಲ್ಲಿ ಶುರುವಾದ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ಹುಡುಗರು ಆಡುವುದು ಇದನ್ನೇ.

ಇದಕ್ಕೆ ಪರದೆಯಾಗಲಿ ಕಂಪ್ಯೂಟರ್ ಆಗಲಿ ಬೇಕಿಲ್ಲ. ಒಬ್ಬ ಸೂತ್ರಧಾರನಾಗಿ ಕಥೆಯ ಸನ್ನಿವೇಶ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸಿ, ಆ ಸನ್ನಿವೇಶದಲ್ಲಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. "ಕಾವಲುಗಾರನ ಮನವೊಲಿಸುತ್ತೇನೆ" ಎಂದರೆ ಸಾಲದು, ದಾಳ ಎಸೆಯಬೇಕು. ಹೆಚ್ಚಿನ ಅಂಕ ಬಿದ್ದರೆ ಕಾವಲುಗಾರ ಒಪ್ಪುತ್ತಾನೆ, ಇಲ್ಲವಾದರೆ ಬೇರೆ ದಾರಿ ಹುಡುಕಬೇಕು. ಇಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದಿಲ್ಲ. ಒಂದೇ ಕಥೆ ವಾರವಾರವೂ ಮುಂದುವರಿದು ತಿಂಗಳುಗಟ್ಟಲೆ ಸಾಗುವುದುಂಟು.

ದಾಳಗಳಲ್ಲಿ ಮುಖ್ಯವಾದದ್ದು ಇಪ್ಪತ್ತು ಮುಖದ್ದು. ಇದು ಹೊಸ ಕಾಲದ್ದೆಂದು ತಿಳಿಯಬೇಡಿ. ಪುರಾತನ ಈಜಿಪ್ಟಿನಲ್ಲಿ ದೊರೆತ, ಗ್ರೀಕ್ ಅಕ್ಷರಗಳನ್ನು ಕೊರೆದ ಇಪ್ಪತ್ತು ಮುಖದ ಕಲ್ಲಿನ ದಾಳ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಥೀಬ್ಸ್ ನಗರದ ಒಗಟು

ಗ್ರೀಕ್ ಪುರಾಣ ಈ ಆಟಗಾರರಿಗೆ ಅಚ್ಚುಮೆಚ್ಚು. ಡಂಜನ್ಸ್ ಅಂಡ್ ಡ್ರಾಗನ್ಸ್‌ಗೆಂದೇ 2020ರಲ್ಲಿ ಗ್ರೀಕ್ ಪುರಾಣದ ಛಾಯೆಯ 'ಮಿಥಿಕ್ ಒಡಿಸೀಸ್ ಆಫ್ ಥೆರೋಸ್' ಎಂಬ ಪುಸ್ತಕ ಬಂತು. ನಿಮ್ಮ ಮೊಮ್ಮಗನ ಗುಂಪು ಆಡುತ್ತಿರುವುದು ಈಡಿಪಸ್ ಕಥೆಯನ್ನು ಎನ್ನೋಣ. ಸೊಫೊಕ್ಲಿಸ್ ಸುಮಾರು 2,400 ವರ್ಷಗಳ ಹಿಂದೆ ಇದನ್ನು ನಾಟಕವಾಗಿಸಿದ.

ಥೀಬ್ಸ್‌ಗೆ ಮಹಾಮಾರಿ ಬಡಿದಿದೆ. ಬೆಳೆ ಒಣಗಿದೆ, ದನಕರು ಸಾಯುತ್ತಿವೆ, ಗರ್ಭದಲ್ಲೇ ಶಿಶುಗಳು ಕಳೆದುಹೋಗುತ್ತಿವೆ. ಹಿಂದಿನ ದೊರೆ ಲೇಯಸ್‌ನನ್ನು ಕೊಂದ ಪಾತಕಿ ಊರಿನಲ್ಲೇ ಇದ್ದಾನೆ, ಅವನನ್ನು ಹೊರಹಾಕದೆ ರೋಗ ಬಿಡದು ಎಂದು ಡೆಲ್ಫಿಯ ದೈವವಾಣಿ ನುಡಿದಿದೆ. ಕೊಲೆ ನಡೆದದ್ದು ಮೂರು ದಾರಿ ಕೂಡುವಲ್ಲಿ. ಬದುಕಿ ಬಂದವನು ಒಬ್ಬನೇ ಸೇವಕ. ಕೊಂದವರು ಕಳ್ಳರ ಗುಂಪು ಎಂದು ಅವನು ಹೇಳಿದ್ದ. ಹೊಸ ದೊರೆಯಾಗಿ ಸಿಂಹಾಸನದಲ್ಲಿ ಕುಳಿತ ಈಡಿಪಸ್‌ನನ್ನು ಕಂಡೊಡನೆ, ತನ್ನನ್ನು ದೂರದ ಹುಲ್ಲುಗಾವಲಿಗೆ ಕಳಿಸಿಬಿಡಿ ಎಂದು ರಾಣಿಯನ್ನು ಬೇಡಿಕೊಂಡು ಹೋದವನು ಕುರಿ ಕಾಯುತ್ತ ಉಳಿದ.

ಆಟದಲ್ಲಿ ಒಬ್ಬಳು ಪೂಜಾರಿಣಿ, ಒಬ್ಬ ಸೈನಿಕ, ಒಬ್ಬ ವೈದ್ಯ, ಒಬ್ಬ ಕುರಿಗಾಹಿ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಸುಳಿವು. ಎಲ್ಲರೂ ತಮಗೆ ಗೊತ್ತಿರುವುದನ್ನು ಹೇಳಿ, ಪರರು ಹೇಳಿದ್ದನ್ನು ಕೇಳಿಸಿಕೊಂಡರೆ ಮಾತ್ರ ಒಗಟು ಬಿಡಿಸೀತು. ಮೂರು ವಾರದ ಹಿಂದೆ ಕೇಳಿದ್ದನ್ನು ನೆನಪಿಡಬೇಕು, ತನ್ನ ಸರದಿಗೆ ಕಾಯಬೇಕು, ತಪ್ಪು ಊಹೆಯನ್ನು ಕೈಬಿಡಬೇಕು. ಹದಿಹರೆಯದ ಮನಸ್ಸಿಗೆ ಇದು ಒಳ್ಳೆಯ ಕಸರತ್ತು.

ಮುಖವಾಡದ ಮರೆಯಲ್ಲಿ

ನಿಮ್ಮ ಮೊಮ್ಮಗ ಆರಿಸಿಕೊಂಡದ್ದು ಕುರಿಗಾಹಿಯ ಪಾತ್ರ. ಎಲ್ಲ ತಿಳಿದೂ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡವನ ಪಾತ್ರ! "ಶಾಲೆಯಲ್ಲಿ ಏನಾಯಿತು?" ಎಂದು ನೇರವಾಗಿ ಕೇಳಿದರೆ ತಲೆ ತಗ್ಗಿಸುವ ಹುಡುಗ, ಕುರಿಗಾಹಿಯಾಗಿ "ಹೇಳಲು ಹೆದರಿಕೆಯಾಗಿತ್ತು" ಎಂದು ನಾಲ್ವರ ಮುಂದೆ ಹೇಳಬಲ್ಲ. ಅಲ್ಲಿ ಸೋತರೆ ದಾಳ ಸೋತಿತು, ಅವನಲ್ಲ. ಈ ಆಟದ ಹಿತವಿರುವುದು ಇಲ್ಲಿಯೇ.

ಮನೋವೈದ್ಯರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ವಿಯೆನ್ನಾದಲ್ಲಿ ಕಲಿತ ವೈದ್ಯ ಜೇಕಬ್ ಮೊರೆನೊ ರೋಗಿಗಳಿಂದಲೇ ಅವರ ಬದುಕಿನ ಪ್ರಸಂಗಗಳನ್ನು ಅಭಿನಯಿಸುವ 'ಸೈಕೊಡ್ರಾಮಾ' ಚಿಕಿತ್ಸೆಯನ್ನು ಬೆಳೆಸಿದ. ಜನರಿಂದ ದೂರ ಸರಿದು, ಖಿನ್ನತೆಯಲ್ಲಿ ಸಾವಿನ ಯೋಚನೆ ಮಾಡುತ್ತಿದ್ದ ತರುಣನೊಬ್ಬನ ಚಿಕಿತ್ಸೆಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟ ನೆರವಾದ ಬಗೆಯನ್ನು ಅಮೆರಿಕದ ಮನೋವೈದ್ಯ ವೇಯ್ನ್ ಬ್ಲ್ಯಾಕ್‌ಮನ್ 1994ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ವಾಷಿಂಗ್‌ಟನ್ ರಾಜ್ಯದ 'ಗೇಮ್ ಟು ಗ್ರೋ' ಸಂಸ್ಥೆ, ಬೆರೆಯಲು ಕಷ್ಟಪಡುವ ಮಕ್ಕಳಿಗಾಗಿ ಇಂಥ ಆಟದ ಗುಂಪುಗಳನ್ನು ನಡೆಸುತ್ತದೆ. ಆದರೆ ದೊಡ್ಡ ಪ್ರಮಾಣದ ಅಧ್ಯಯನಗಳು ಕಡಿಮೆ. ಆದ್ದರಿಂದ ಆಟವನ್ನು ಔಷಧ ಎನ್ನುವಂತಿಲ್ಲ.

ಹೆದರಿಕೆ ಹುಟ್ಟಿದ್ದು ಹೇಗೆ?

1979ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ಮೇಧಾವಿ ವಿದ್ಯಾರ್ಥಿಯೊಬ್ಬ ಕಾಣೆಯಾದ. ಈ ಆಟದ ಹುಚ್ಚಿನಿಂದ ಅವನು ನೆಲದಡಿಯ ಸುರಂಗಗಳಲ್ಲಿ ಕಳೆದುಹೋಗಿದ್ದಾನೆ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಸುಮಾರು ಒಂದು ತಿಂಗಳ ಬಳಿಕ ಅವನು ದೂರದ ಲೂಯಿಸಿಯಾನಾದಲ್ಲಿ ಪತ್ತೆಯಾದ. ಅವನನ್ನು ಕಾಡಿದ್ದು ಆಟವಲ್ಲ, ಖಿನ್ನತೆ ಮತ್ತು ಓದಿನ ಒತ್ತಡ. ಮರುವರ್ಷ ಅವನು ಆತ್ಮಹತ್ಯೆ ಮಾಡಿಕೊಂಡ. 1982ರಲ್ಲಿ, ಇಂಥ ಆಟದಿಂದ ಬುದ್ಧಿಸ್ಥಿಮಿತ ಕಳೆದುಕೊಳ್ಳುವ ತರುಣನ ಕಥೆಯ ಟಿ.ವಿ. ಚಿತ್ರವೂ ಬಂತು; ನಾಯಕ ಟಾಮ್ ಹ್ಯಾಂಕ್ಸ್. ಆಟವನ್ನು ನಿಲ್ಲಿಸಬೇಕೆಂಬ ಚಳವಳಿಯೂ ನಡೆಯಿತು. ಆ ಬಳಿಕದ ಅಧ್ಯಯನಗಳಲ್ಲಿ ಈ ಆಟವೇ ಆತ್ಮಹತ್ಯೆಗೆ ಕಾರಣ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಇಲ್ಲಿ ನಮಗೊಂದು ಪಾಠವಿದೆ. ಜನ ಸುರಂಗದಲ್ಲಿ ಹುಡುಕಿದರು. ಹುಡುಗನ ಮನಸ್ಸಿನಲ್ಲಿ ಹುಡುಕಲಿಲ್ಲ. ಥೀಬ್ಸ್‌ನ ದೊರೆ ಮಾಡಿದ್ದೂ ಇದನ್ನೇ. ಕೊಲೆಗಾರನನ್ನು ಊರೆಲ್ಲ ಹುಡುಕಿಸಿದ. ಕೊನೆಗೆ ಕೊಂದವನು ತಾನೇ ಎಂದು ತಿಳಿಯಿತು.

ಎಚ್ಚರ ಎಲ್ಲಿ ಬೇಕು?

ಗ್ರೀಕ್ ಕಥೆಗಳು ಸೌಮ್ಯವಲ್ಲ. ತಂದೆಯ ಕೊಲೆ, ರಾಣಿಯ ಸಾವು, ಈಡಿಪಸ್ ತನ್ನ ಕಣ್ಣು ತಾನೇ ಕಿತ್ತುಕೊಳ್ಳುವುದು ಎಲ್ಲ ಇಲ್ಲಿವೆ. ಪಾತ್ರದ ದುಃಖ ಆಟಗಾರನೊಳಕ್ಕೂ ಜಿನುಗೀತು. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಗುವಿಗೆ ಇದು ಭಾರವಾಗಬಹುದು. ಅದಕ್ಕೆಂದೇ ಅನೇಕ ಗುಂಪುಗಳು ಮೇಜಿನ ನಡುವೆ ಎಕ್ಸ್ ಗುರುತಿನ ಕಾರ್ಡೊಂದನ್ನು ಇಡುತ್ತವೆ. ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ಆ ಸನ್ನಿವೇಶವನ್ನು ಬಿಟ್ಟು ಮುಂದೆ ಹೋಗುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಜಾರಿಗೆ ಬಂದ 'ಗೇಮಿಂಗ್' ಕಾಯಿಲೆ ವಿಡಿಯೊ ಮತ್ತು ಡಿಜಿಟಲ್ ಆಟಗಳಿಗೆ ಸಂಬಂಧಿಸಿದ್ದು, ಮೇಜಿನ ಆಟಕ್ಕಲ್ಲ. ಹಾಗೆಂದು ಯಾವ ಆಟವೂ ನಿದ್ದೆ, ಓದು, ಊಟಗಳನ್ನು ನುಂಗಬಾರದು.

ಹಿರಿಯರು ಏನು ಮಾಡಬಹುದು?

* ಆಟ ಶುರುವಾಗುವ ಮೊದಲೇ ಏನೇನು ಬೇಡ ಎಂಬುದನ್ನು ಎಲ್ಲರೂ ಮಾತಾಡಿಕೊಳ್ಳಲಿ.

* ಗಂಟೆಗೊಮ್ಮೆ ಎದ್ದು ಓಡಾಡಲಿ. ಕರಿದ ತಿಂಡಿಯ ಬದಲು ಹಣ್ಣು, ನೀರು ಇಡಿ. ಮುಗಿಸುವ ಹೊತ್ತು ಗೊತ್ತಿರಲಿ.

* ಆಟ ಮುಗಿದ ಮೇಲೆ ಹತ್ತು ನಿಮಿಷ ತಮ್ಮ ನಿಜ ಹೆಸರುಗಳಿಂದ ಕರೆದುಕೊಂಡು ಹರಟಲಿ. ಪಾತ್ರ ಕಳಚಲು ಇದು ನೆರವಾಗುತ್ತದೆ.

* ಎರಡು ವಾರಕ್ಕೂ ಮಿಕ್ಕಿ ಮಂಕು, ನಿದ್ದೆಗೇಡು, ಹಸಿವಿಲ್ಲದಿರುವುದು, ಗೆಳೆಯರನ್ನು ತೊರೆಯುವುದು ಕಂಡರೆ ಆಟವನ್ನು ದೂರುತ್ತ ಕೂರಬೇಡಿ, ವೈದ್ಯರನ್ನು ಕಾಣಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಭಾರತದಲ್ಲಿ 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ. ಇದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಅಮೆರಿಕದಲ್ಲಾದರೆ 988.

ಇನ್ನು ಆ ಮೊಮ್ಮಗನ ಮಾತು. ಕುರಿಗಾಹಿ ಹೆದರಿದನೆಂದರೆ ಮೊಮ್ಮಗನೂ ಹೆದರಿದ್ದಾನೆ ಎಂದೇ ಅರ್ಥವಲ್ಲ. ಅದು ಬರೀ ಆಟವೂ ಇರಬಹುದು. ಆದ್ದರಿಂದ ವಿಚಾರಣೆ ಬೇಡ. ಗೆಳೆಯರೆಲ್ಲ ಹೋದ ಮೇಲೆ ಮೇಜು ಒರೆಸುತ್ತ, "ಏನೋ, ಆ ಕುರಿ ಕಾಯೋನು ಅಷ್ಟು ದಿನ ಯಾಕೆ ಸುಮ್ಮನಿದ್ದ?" ಎಂದು ಕೇಳಿ ನೋಡಿ. ಅವನು ಕಥೆಯನ್ನಷ್ಟೇ ಹೇಳಿದರೆ ಕಥೆ ಕೇಳಿ. ತನ್ನ ಮಾತೇ ಹೊರಬಂದರೆ ನಡುವೆ ಬಾಯಿ ಹಾಕಬೇಡಿ. ಪೂರ್ತಿ ಕೇಳಿಸಿಕೊಳ್ಳಿ.