ದ್ವಿರುಕ್ತಿ: ಕಟ್ಟಕಡೆಯಿಂದ ಟಿಕೇಟು-ಗಿಕೇಟಿನವರೆಗೆ

ಶಬ್ದವೊಂದನ್ನು ಎರಡು ಸಲ ನುಡಿದು ಹೊಸ ಅರ್ಥವನ್ನು ಪಡೆಯುವ ಪದ್ಧತಿ ಅನೇಕ ಭಾಷೆಗಳಲ್ಲುಂಟು. ಮಲಯ ಭಾಷೆಯಲ್ಲಿ 'ರುಮಹ್' ಎಂದರೆ ಮನೆ. 'ರುಮಹ್-ರುಮಹ್' ಎಂದರೆ ಮನೆಗಳು. ಕನ್ನಡದಲ್ಲಿ ಬಹುತ್ವಕ್ಕೆ 'ಗಳು' ಪ್ರತ್ಯಯವಿರುವುದರಿಂದ 'ಮನೆಮನೆ'ಗೆ ಬೇರೆಯೇ ಅರ್ಥ ಒದಗಿತು: ಒಂದನ್ನೂ ಬಿಡದೆ ಪ್ರತಿಯೊಂದು ಮನೆ.

ನಮ್ಮ ದ್ವಿರುಕ್ತಿಯನ್ನು 13ನೆಯ ಶತಮಾನದ ಕೇಶಿರಾಜನೇ ವಿಚಾರಿಸಿದ್ದಾನೆ. 'ಕಡೆ' ಇಮ್ಮಡಿಸಿ 'ಕಟ್ಟಕಡೆ'ಯಾಯಿತು, 'ತುದಿ' 'ತುತ್ತತುದಿ'ಯಾಯಿತು, 'ನಡು' 'ನಟ್ಟನಡು'ವಾಯಿತು. ಈ ಟಂಕಸಾಲೆ ಮುಚ್ಚಿ ಬಹುಕಾಲವಾಯಿತು. ಹಳೆಯ ನಾಣ್ಯಗಳು ಚಲಾವಣೆಯಲ್ಲಿವೆ, ಹೊಸವು ಅಚ್ಚಾಗುವುದಿಲ್ಲ.

ಇಂದಿಗೂ ಅಚ್ಚಾಗುತ್ತಿರುವುದು ಪ್ರತಿಧ್ವನಿಯ ಜೋಡುನುಡಿ. ಎರಡನೆಯ ಸಲ ನುಡಿಯುವಾಗ ಮೊದಲಕ್ಷರದ ಸ್ಥಾನದಲ್ಲಿ 'ಗಿ' ಬರುತ್ತದೆ, ಅಕ್ಷರ ದೀರ್ಘವಾದರೆ 'ಗೀ': ಮನೆಗಿನೆ, ಊಟಗೀಟ. 'ಅದೂ ಅಂಥವೂ' ಎಂಬ ಅರ್ಥದೊಡನೆ ತುಸು ಅಸಡ್ಡೆಯೂ ಸೇರಿರುತ್ತದೆ. ಹೊರಗಿನಿಂದ ಬಂದ ಶಬ್ದಕ್ಕೂ ಇದೇ ಉಪಚಾರ: ಕಾಫಿಗೀಫಿ, ಟಿಕೇಟು-ಗಿಕೇಟು.

ಜೋಗೇಶ್ವರಿಯ ರೈಲು ನಿಲ್ದಾಣದಲ್ಲಿ ನಿಂತ ಕನ್ನಡಿಗನ ಕಿವಿಗೆ ಹಿಂದಿಯ 'ಚಾಯ್-ವಾಯ್', ಮರಾಠಿಯ 'ಪಾಣೀ-ಬಿಣೀ' ಬೀಳುತ್ತವೆ. ಹಿಂದಿಯಲ್ಲಿ ವ್ಯಂಜನವಷ್ಟೇ ಬದಲಾಗಿ ಸ್ವರ ಉಳಿಯಿತು. ಮರಾಠಿಯಲ್ಲಾದರೋ ಕನ್ನಡದಂತೆ ಸ್ವರವೂ ಇಕಾರವಾಯಿತು. ಭೇದವಿರುವುದು 'ಗ'ಕಾರ-'ಬ'ಕಾರಗಳಲ್ಲಿ ಮಾತ್ರ. ಭಾರತವನ್ನು ಒಂದೇ ಭಾಷಾವಲಯವೆಂದು 1956ರಲ್ಲಿ ಪ್ರತಿಪಾದಿಸಿದ ಎಮೆನೋ ಅವರು ಈ ಬಗೆಯ ನುಡಿಗಳನ್ನು ಲಕ್ಷಿಸಿದ್ದು ಸಹಜವೇ.

ಸಾಮೀಪ್ಯ ಇಷ್ಟಿರುವಾಗ ಬೆರಕೆ ಸುಲಭ. 'ಟಿಕೇಟು-ಗಿಕೇಟು' ಎಂಬಲ್ಲಿ ಶಬ್ದ ಪರಕೀಯ, ರಚನೆ ಅಚ್ಚಗನ್ನಡ. ಇಲ್ಲಿಯೇ ಬೆಳೆದ ಮಗು 'ಊಟ-ಬೀಟ' ಎಂದರೆ ಶಬ್ದ ಕನ್ನಡದ್ದು, ರಚನೆ ಮರಾಠಿಯದು. ಎರವಲು ಶಬ್ದಗಳನ್ನು ಎಣಿಸುವ ಹಿರಿಯರ ಕಿವಿಗೆ ಈ ಎರಡನೆಯದು ಬೀಳುವುದೇ ಇಲ್ಲ.