ಶುವೈಖ್‌ನಲ್ಲೊಂದು ಬಿಸಿಗಾಳಿಯ ಪರೀಕ್ಷೆ

ಕುವೈತಿನ ಶುವೈಖ್ ಕೈಗಾರಿಕಾ ಪ್ರದೇಶದ ಗ್ಯಾರೇಜೊಂದಕ್ಕೆ ನಾನು ಸೇರಿ ಎರಡು ತಿಂಗಳಾಗಿತ್ತು. ಪರೀಕ್ಷಾವಧಿ ಇನ್ನೂ ಮುಗಿದಿರಲಿಲ್ಲ. ಜುಲೈನ ಒಂದು ಬೆಳಿಗ್ಗೆ ಹಳೆಯ ಸ್ಪೋರ್ಟ್ಸ್ ಕಾರೊಂದು ಬಂದಿತು. ಎ.ಸಿ. ಹಾಕಿದರೂ ಒಳಗೆ ಬಿಸಿಗಾಳಿಯೇ ಬೀಸುತ್ತಿತ್ತು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾದ ನಾಡಿದು. ಇಲ್ಲಿ ತಂಪುಗಾಳಿ ವಿಲಾಸದ ವಸ್ತುವಲ್ಲ.

ಕಂಪ್ರೆಸರ್ ಬದಲಿಸಬೇಕೆಂದು ಮೇಸ್ತ್ರಿ ನಿರ್ಧರಿಸಿದ್ದರು. ಗೇಜು ಹಾಕಿ ನೋಡಿದರೆ ಗ್ಯಾಸಿನ ಒತ್ತಡ ಸರಿಯಾಗಿಯೇ ಇತ್ತು. ಆದರೆ ಗುಂಡಿ ತಂಪಿನ ಕಡೆಗಿದ್ದರೂ ಹೀಟರಿಗೆ ಹೋಗುವ, ಅಲ್ಲಿಂದ ಮರಳುವ ಪೈಪುಗಳೆರಡೂ ಸುಡುತ್ತಿದ್ದವು. ಇಂಜಿನ್ನಿನ ಬಿಸಿನೀರನ್ನು ತಡೆಯಬೇಕಾದ ವಾಲ್ವ್ ಮುಚ್ಚಿಕೊಂಡಿರಲಿಲ್ಲ. ಅದನ್ನು ಎಳೆದು ಮುಚ್ಚುವ ವ್ಯಾಕ್ಯೂಮಿನ ತೆಳುವಾದ ರಬ್ಬರ್ ಕೊಳವೆ ಕಾವಿಗೆ ಬಿರಿದಿತ್ತು.

ಬಾಯಿಬಿಟ್ಟರೆ ಮೇಸ್ತ್ರಿಯ ಮುನಿಸು; ಸುಮ್ಮನಿದ್ದರೆ ಗಿರಾಕಿಗೆ ಮೋಸ. ಊರಿನಲ್ಲಿ ತಂಗಿಯ ಮದುವೆಗೆ ಮಾಡಿದ ಸಾಲ ಕಣ್ಣಮುಂದೆ ಬಂದಿತು. ಆದರೂ ಹೇಳಿದೆ. ಅವರು ಪೈಪನ್ನು ಮುಟ್ಟಿ ನೋಡಿ, “ಹಾಗಾದರೆ ಹೀಟರನ್ನೇ ಬೈಪಾಸ್ ಮಾಡಿಬಿಡು” ಎಂದರು. “ಜನವರಿಯಲ್ಲಿ ಮರುಭೂಮಿಯ ರಾತ್ರಿ ಕೊರೆಯುತ್ತದಲ್ಲ, ಅಣ್ಣ, ಆಗ ಹೀಟರ್ ಬೇಕು, ಗಾಜಿನ ಮಂಜು ಕರಗಲೂ ಬೇಕು” ಎಂದೆ. ಕೊಳವೆಯನ್ನಷ್ಟೇ ಬದಲಿಸಿದೆವು. ಕೆಲವೇ ನಿಮಿಷಗಳಲ್ಲಿ ತಂಪುಗಾಳಿ ಬೀಸಿತು. ಬಿಲ್ಲು ಚಿಕ್ಕದಾಯಿತು, ಮುಂದಿನ ವಾರ ಅದೇ ಗಿರಾಕಿ ತನ್ನ ಇನ್ನೊಂದು ಕಾರನ್ನೂ ತಂದರು.

ಇಲ್ಲಿಗೆ ಬರಬಯಸುವ ತಮ್ಮಂದಿರಿಗೆ ನಾನು ಹೇಳುವುದಿಷ್ಟೇ: ಐ.ಟಿ.ಐ. ಪ್ರಮಾಣಪತ್ರದ ಜೊತೆಗೆ, ಬಿಡಿಭಾಗ ಬಿಚ್ಚುವ ಮೊದಲು ಕಾರಣ ಹುಡುಕುವ ತಾಳ್ಮೆಯನ್ನೂ ಕಟ್ಟಿಕೊಂಡು ಬನ್ನಿ. ನನ್ನ ಕೆಲಸವನ್ನು ಅಂದು ಉಳಿಸಿದ್ದು ಅದೇ.