ಓದಿಗೆ ಬೀಗವಿಲ್ಲ, ತಿದ್ದುವವರಿಗೆ ಕಾಯುವ ಕೆಲಸ

ಬಳ್ಳಾರಿ ರಸ್ತೆಯ ಬ್ಯಾಟರಾಯನಪುರ 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರುವವರೆಗೂ ಪ್ರತ್ಯೇಕ ನಗರಸಭೆಯಾಗಿತ್ತು. ಇಂದು ಹೆಬ್ಬಾಳ, ನಾಗವಾರ, ಥಣಿಸಂದ್ರಗಳಂತೆ ಅಲ್ಲೂ ಸಾಫ್ಟ್‌ವೇರ್ ನೌಕರರ ಮನೆಗಳು ತುಂಬಿವೆ. ಆ ಮನೆಗಳಲ್ಲಿರುವ ಪ್ರತಿಯೊಂದು ಆಂಡ್ರಾಯ್ಡ್ ಫೋನಿನೊಳಗೂ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್ ಓಡುತ್ತಿರುತ್ತದೆ. ಆ ಕರ್ನಲ್ ಒಂದು ಫೈಲಿನ ಹೆಸರು ಹುಡುಕುವಾಗ ನೆಚ್ಚಿಕೊಳ್ಳುವ ವಿಧಾನದ ಹೆಸರು ರೀಡ್-ಕಾಪಿ-ಅಪ್‌ಡೇಟ್, ಅಂದರೆ ಆರ್‌ಸಿಯು. ಅದನ್ನು ಲಿನಕ್ಸ್‌ಗೆ ತಂದವರಲ್ಲಿ ಬೆಂಗಳೂರಿನ ಎಂಜಿನಿಯರುಗಳೂ ಇದ್ದರು. ನಗರದ ತಂತ್ರಜ್ಞಾನದ ಚರಿತ್ರೆಯನ್ನು ಕಟ್ಟಡ, ಸಂಬಳ, ರಫ್ತುಗಳ ಲೆಕ್ಕದಲ್ಲೇ ಅಳೆಯುತ್ತ ಬಂದ ನಮಗೆ ಇಂಥ ಕೆಲಸ ಕಣ್ಣಿಗೆ ಬಿದ್ದಿಲ್ಲ.

ಬೀಗದ ಬೆಲೆ

ಒಂದೇ ಪ್ರೋಗ್ರಾಮಿನ ಹಲವು ಥ್ರೆಡ್‌ಗಳು ಒಂದೇ ಮಾಹಿತಿಯನ್ನು ಹಂಚಿಕೊಂಡಾಗ, ಒಂದು ಓದುತ್ತಿರುವಾಗಲೇ ಮತ್ತೊಂದು ತಿದ್ದಿಬಿಡುವ ಅಪಾಯವಿದೆ. ಇದಕ್ಕೆ ರೂಢಿಯ ಪರಿಹಾರ ಲಾಕ್. ಓದುವವರೆಲ್ಲ ಒಟ್ಟಿಗೆ ಒಳಬರಬಹುದಾದ ಲಾಕ್‌ಗಳೂ ಇವೆ. ಆದರೆ ಎಷ್ಟು ಮಂದಿ ಒಳಗಿದ್ದಾರೆಂಬ ಎಣಿಕೆಯನ್ನು ಪ್ರತಿ ಓದುಗ ಥ್ರೆಡ್ ಬದಲಿಸಲೇಬೇಕು. ಆ ಎಣಿಕೆ ಇರುವ ಮೆಮೊರಿಯ ತುಣುಕು ಒಂದು ಕೋರ್‌ನ ಕ್ಯಾಶ್‌ನಿಂದ ಇನ್ನೊಂದರ ಕ್ಯಾಶ್‌ಗೆ ಸದಾ ಓಡಾಡುತ್ತಿರುತ್ತದೆ. ಓದಬೇಕಾದ ಮಾಹಿತಿ ಚಿಕ್ಕದಿದ್ದರೆ, ಓದಿಗಿಂತ ಲಾಕ್ ಹಾಕಿ ತೆಗೆಯುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. 2005ರ ಆಸುಪಾಸಿನಲ್ಲಿ ಪ್ರೊಸೆಸರ್‌ಗಳ ಗಡಿಯಾರದ ವೇಗ ಏರುವುದು ಬಹುಮಟ್ಟಿಗೆ ನಿಂತು ಕೋರ್‌ಗಳ ಸಂಖ್ಯೆ ಬೆಳೆಯತೊಡಗಿತು. ದೊಡ್ಡ ಸರ್ವರ್‌ಗಳಿಗೆ ಮಾತ್ರ ಇದ್ದ ತೊಂದರೆ ಅಲ್ಲಿಂದ ಎಲ್ಲರದೂ ಆಯಿತು.

ಹಳೆಯದನ್ನು ತೆಗೆಯುವ ಹೊತ್ತು

ಆರ್‌ಸಿಯು ಈ ಹೊರೆಯನ್ನು ಓದುವವರಿಂದ ಇಳಿಸಿ ತಿದ್ದುವವರ ಮೇಲೆ ಹೊರಿಸುತ್ತದೆ. ಬಸ್ ನಿಲ್ದಾಣದ ವೇಳಾಪಟ್ಟಿಯ ಫಲಕವನ್ನು ನೆನೆಯೋಣ. ಜನ ಓದುತ್ತಿರುವಾಗ ಅದರ ಮೇಲೆಯೇ ಅಂಕಿ ಅಳಿಸಿ ಬರೆದರೆ ಯಾರಿಗೂ ಸರಿಯಾದ ಸಮಯ ಸಿಗುವುದಿಲ್ಲ. ಪಕ್ಕದಲ್ಲಿ ಹೊಸ ಫಲಕ ಸಿದ್ಧಪಡಿಸಿ, ಬಂದವರನ್ನು ಅತ್ತ ಕಳಿಸಿ, ಹಳೆಯದನ್ನು ಆಗಲೇ ಓದುತ್ತಿದ್ದವರು ಮುಗಿಸಿ ಹೊರಟ ಮೇಲೆ ಅದನ್ನು ಕಿತ್ತರೆ ಯಾರನ್ನೂ ತಡೆಯಬೇಕಾಗಿಲ್ಲ. ಪ್ರೋಗ್ರಾಮಿನಲ್ಲೂ ಕ್ರಮ ಇದೇ: ಮಾಹಿತಿಯ ಪ್ರತಿ ಮಾಡಿ ತಿದ್ದಬೇಕು, ಮಾಹಿತಿ ಎಲ್ಲಿದೆಯೆಂದು ತೋರುವ ಪಾಯಿಂಟರನ್ನು ಒಂದೇ ಏಟಿಗೆ ಹೊಸ ಪ್ರತಿಯತ್ತ ತಿರುಗಿಸಬೇಕು, ಆಮೇಲೆ ಕಾಯಬೇಕು. ಈ ಕಾಯುವ ಅವಧಿಗೆ ಗ್ರೇಸ್ ಪೀರಿಯಡ್ ಎನ್ನುತ್ತಾರೆ. ಪಾಯಿಂಟರ್ ತಿರುಗಿಸುವ ಮೊದಲೇ ಓದಲು ಆರಂಭಿಸಿದವರಿಗಾಗಿ ಮಾತ್ರ ಕಾದರೆ ಸಾಕು, ನಂತರ ಬಂದವರ ಚಿಂತೆಯಿಲ್ಲ. ಇಡೀ ವಿಧಾನದ ಜಾಣತನ ಇರುವುದೇ ಈ ಒಂದು ಮಾತಿನಲ್ಲಿ.

ಪೇಟೆಂಟಿನಿಂದ ಕರ್ನಲ್‌ಗೆ

ಇದರ ಬೇರು 1980ರ ಒಂದು ಸಂಶೋಧನಾ ಪ್ರಬಂಧದಷ್ಟು ಹಿಂದಕ್ಕೆ ಹೋಗುತ್ತದೆ. ಹುಡುಕುವ ಥ್ರೆಡ್‌ಗಳು ಲಾಕ್ ಹಾಕದಿರುವ ವೃಕ್ಷರಚನೆಯನ್ನು ಅದು ವಿವರಿಸಿತ್ತು. ಹಳೆಯ ತುಣುಕುಗಳನ್ನು ತೆಗೆಯುವ ಕೆಲಸವನ್ನು ಮಾತ್ರ, ಬಳಕೆ ಮುಗಿದ ಮೆಮೊರಿಯನ್ನು ತಾನಾಗಿ ಹಿಂಪಡೆಯುವ ಗಾರ್ಬೇಜ್ ಕಲೆಕ್ಟರ್‌ಗೆ ಬಿಟ್ಟಿತ್ತು. ಸಿ ಭಾಷೆಯಲ್ಲಿ ಬರೆದ ಕರ್ನಲ್‌ಗಳಲ್ಲಿ ಆ ಸೌಲಭ್ಯವಿಲ್ಲ. ಯುನಿಕ್ಸ್ ಸರ್ವರ್ ತಯಾರಿಸುತ್ತಿದ್ದ ಅಮೆರಿಕದ ಕಂಪನಿಯೊಂದರ ಎಂಜಿನಿಯರುಗಳು ಆ ಕೊರತೆ ನೀಗಿಸಿ 1995ರಲ್ಲಿ ಪೇಟೆಂಟ್ ಪಡೆದರು. 1999ರಲ್ಲಿ ಆ ಕಂಪನಿಯನ್ನು ಬಹುರಾಷ್ಟ್ರೀಯ ಸಂಸ್ಥೆಯೊಂದು ಕೊಂಡಿತು. ಅದೇ ಸಂಸ್ಥೆಯ ಬೆಂಗಳೂರು ಪ್ರಯೋಗಾಲಯದವರು ಲಿನಕ್ಸ್‌ಗೆ ಆರ್‌ಸಿಯು ತರುವ ಕೆಲಸದಲ್ಲಿ ಮುಂಚೂಣಿಯಲ್ಲಿದ್ದರು. 2001ರ ಒಟ್ಟಾವಾ ಸಮ್ಮೇಳನದ ಪ್ರಬಂಧದ ಲೇಖಕರಲ್ಲಿ ಅವರಿದ್ದಾರೆ. 2002ರ ಅಕ್ಟೋಬರಿನಲ್ಲಿ 2.5.43 ಆವೃತ್ತಿಯ ಮೂಲಕ ಆರ್‌ಸಿಯು ಕರ್ನಲ್ ಸೇರಿತು. ಕಡತಗಳ ಹೆಸರು ಹುಡುಕುವ ಡಿಕ್ಯಾಶ್ ಭಾಗಕ್ಕೂ ಬೇಗನೆ ಹಬ್ಬಿತು. 2003ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಹೂಡಿದ ದಾವೆಯೊಂದರಲ್ಲಿ ಆರ್‌ಸಿಯು ಕೋಡ್ ಕೂಡ ವಿವಾದದ ವಸ್ತುವಾಯಿತು. ಆ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2021ರಲ್ಲಿ.

ಕರ್ನಲ್‌ನ ಹೊರಗೆ

ಕರ್ನಲ್‌ಗೆ ಪ್ರೊಸೆಸರ್ ಮೇಲೆ ಪೂರ್ಣ ಹಿಡಿತವಿರುವುದರಿಂದ ಓದುವವರು ಯಾವಾಗ ಮುಗಿಸಿದರೆಂದು ಅರಿಯುವುದು ಅದಕ್ಕೆ ಸುಲಭ. ಸಾಮಾನ್ಯ ಪ್ರೋಗ್ರಾಮಿಗೆ ಆ ಹಿಡಿತವಿಲ್ಲ. 2009ರಿಂದ ಬೆಳೆದ ಲಿಬ್‌ಯುಆರ್‌ಸಿಯು ಲೈಬ್ರರಿ ಈ ಕಂದಕಕ್ಕೆ ಹಲವು ಸೇತುವೆಗಳನ್ನು ಕಟ್ಟಿದೆ. ಒಂದು ಬಗೆಯಲ್ಲಿ ಓದು ಬಹುತೇಕ ಉಚಿತ. ಪ್ರತಿಯಾಗಿ ಪ್ರತಿ ಥ್ರೆಡ್ ‘ನನ್ನ ಕೈಯಲ್ಲಿ ಹಳೆಯ ಪಾಯಿಂಟರ್ ಇಲ್ಲ’ ಎಂದು ಆಗಾಗ ತಾನೇ ಸಾರಬೇಕು. ಮತ್ತೊಂದರಲ್ಲಿ ಆ ಕಟ್ಟುಪಾಡಿಲ್ಲ, ಓದು ತುಸು ದುಬಾರಿ.

ಈ ಲೈಬ್ರರಿಯ ಒಂದು ಬಳಕೆ ನಮ್ಮ ಊರಿನದೇ. ಗ್ಲಸ್ಟರ್‌ಎಫ್‌ಎಸ್ ಎಂಬ ಮುಕ್ತ ಸಂಗ್ರಹ ವ್ಯವಸ್ಥೆಯ ಅಭಿವೃದ್ಧಿಯ ದೊಡ್ಡ ಪಾಲು ಬೆಂಗಳೂರಿನಲ್ಲಿ ನಡೆದಿದೆ. ಜೊತೆಗಾರ ಸರ್ವರ್‌ಗಳ ಪಟ್ಟಿಯನ್ನು ಕಾಯಲು 2015ರ 3.7 ಆವೃತ್ತಿಯಲ್ಲಿ ಅದು ಲಿಬ್‌ಯುಆರ್‌ಸಿಯು ಅಳವಡಿಸಿಕೊಂಡಿತು. ಆ ಪಟ್ಟಿ ಚಿಕ್ಕದು, ಅಪರೂಪಕ್ಕೆ ಬದಲಾಗುವಂಥದ್ದು. ಹಾಗಾಗಿ ಇಲ್ಲಿ ಬೇಕಾಗಿದ್ದದ್ದು ವೇಗಕ್ಕಿಂತ ಹೆಚ್ಚಾಗಿ ಸರಿತನ. ಆದರೂ ಲೈಬ್ರರಿ ಸೇರಿಸಿದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಒಂದು ಸರ್ವರ್‌ಗೆ ನೆಟ್‌ವರ್ಕ್ ಮೂಲಕ ಸಂದೇಶ ಕಳಿಸಿ ಉತ್ತರ ಬರುವವರೆಗೆ ಓದಿನ ಭಾಗದೊಳಗೆ, ಅಂದರೆ ಓದು ಆರಂಭಿಸಿ ಮುಗಿಸುವ ನಡುವಿನ ಕೋಡ್‌ನಲ್ಲಿ, ಕುಳಿತಿರುವಂತಿಲ್ಲ; ಹಳೆಯದನ್ನು ತೆಗೆಯುವವರು ಅಷ್ಟು ಹೊತ್ತೂ ಕಾಯಬೇಕಾಗುತ್ತದೆ. ಹೊರಬಂದರೆ ಕೈಯಲ್ಲಿದ್ದ ಪಾಯಿಂಟರನ್ನು ನಂಬುವಂತಿಲ್ಲ. ಪ್ರತಿ ಜೊತೆಗಾರನಿಗೂ ಒಂದು ತಲೆಮಾರಿನ ಸಂಖ್ಯೆ ಕೊಟ್ಟು, ಉತ್ತರ ಬಂದಾಗ ಆ ಸಂಖ್ಯೆಯಿಂದ ಪಟ್ಟಿಯಲ್ಲಿ ಮತ್ತೆ ಹುಡುಕುವ ಕೋಡ್ ಬರೆಯಬೇಕಾಯಿತು.

ಯಾರಿಗೆ ಬೇಕು

ಓದು ಹೆಚ್ಚು, ತಿದ್ದುಪಡಿ ಕಡಿಮೆ ಇರುವೆಡೆ ಈ ವಿಧಾನಕ್ಕೆ ಸಾಟಿಯಾದದ್ದು ಕಡಿಮೆ. ರೌಟಿಂಗ್ ಪಟ್ಟಿ, ಡಿಎನ್‌ಎಸ್ ಸರ್ವರ್, ಕಾನ್ಫಿಗರೇಶನ್ ಇಂಥ ಜಾಗಗಳು. ಕ್ಷಣಕಾಲ ಹಳೆಯ ಮಾಹಿತಿ ಕಂಡರೆ ಅಲ್ಲಿ ಹಾನಿಯಿಲ್ಲ. ಬ್ಯಾಂಕ್ ಖಾತೆಯ ಶಿಲ್ಕಿನ ವಿಷಯದಲ್ಲಿ ಹಾಗೆನ್ನಲಾಗದು. ತಿದ್ದುಪಡಿಗಳು ಒಂದರ ಮೇಲೊಂದು ಬರುತ್ತಿದ್ದರೆ ಹಳೆಯ ಪ್ರತಿಗಳು ಮೆಮೊರಿಯಲ್ಲಿ ಗುಡ್ಡೆಯಾಗುತ್ತವೆ. ಇಬ್ಬರು ತಿದ್ದುವವರ ನಡುವೆ ಲಾಕ್ ಅಥವಾ ಅಂಥದೇ ಹೊಂದಾಣಿಕೆ ಹೇಗೂ ಬೇಕೇ ಬೇಕು. ಓದಿನ ಭಾಗದೊಳಗೇ ನಿಂತು ಗ್ರೇಸ್ ಪೀರಿಯಡ್‌ಗಾಗಿ ಕಾದ ಥ್ರೆಡ್ ತನಗಾಗಿ ತಾನೇ ಕಾಯುತ್ತ ಶಾಶ್ವತವಾಗಿ ಸಿಕ್ಕಿಬೀಳುತ್ತದೆ. ‘ಮ್ಯೂಟೆಕ್ಸ್ ಎಂಬ ಸರಳ ಲಾಕ್ ಸಾಕು, ಮುಂದೆ ಕೋಡ್ ಓದುವವರಿಗೆ ಅರ್ಥವಾಗುತ್ತದೆ’ ಎನ್ನುವ ಅನುಭವಿಗಳ ಮಾತಿನಲ್ಲಿ ತಿರುಳಿದೆ. ಅಳೆದು ನೋಡಿ, ಲಾಕ್‌ನಲ್ಲೇ ಸಮಯ ಹೋಗುತ್ತಿದೆ ಎಂದು ಖಚಿತವಾಗುವವರೆಗೆ ಅವರ ಪಕ್ಷವೇ ಸರಿ ಎಂದು ತೋರುತ್ತದೆ. ಖಚಿತವಾದ ಮೇಲೆ ಮಾತ್ರ ಕೈಯಿಂದ ಹೊಸದನ್ನು ಹೊಸೆಯದೆ ಪರೀಕ್ಷಿತ ಲೈಬ್ರರಿಯನ್ನೇ ಆರಿಸಬೇಕು.

2023ರಲ್ಲಿ ಆರ್‌ಸಿಯು ಸಿ ಪ್ಲಸ್ ಪ್ಲಸ್ 26ರ ಕರಡನ್ನೂ ಸೇರಿತು. ರಾಜ್ಯದ ಎಂಜಿನಿಯರಿಂಗ್ ಪಠ್ಯಕ್ರಮದ ಆಪರೇಟಿಂಗ್ ಸಿಸ್ಟಮ್ಸ್ ವಿಷಯದಲ್ಲಿ ಒತ್ತು ಇರುವುದು ಇನ್ನೂ ಸೆಮಫೋರ್, ಮಾನಿಟರ್, ಡೆಡ್‌ಲಾಕ್‌ಗಳ ಮೇಲೆಯೇ. ಆ ಪಾಠ ಬೇಕು. ಅದರ ಜೊತೆಗೆ ಒಂದೇ ಪಟ್ಟಿಯನ್ನು ಲಾಕ್‌ನಿಂದಲೂ ಲಿಬ್‌ಯುಆರ್‌ಸಿಯುನಿಂದಲೂ ಓದಿಸಿ, ಥ್ರೆಡ್‌ಗಳು ಹೆಚ್ಚಿದಂತೆ ಆಗುವ ವ್ಯತ್ಯಾಸವನ್ನು ಅಳೆಯುವ ಒಂದು ಪ್ರಯೋಗವನ್ನು ಲ್ಯಾಬ್‌ಗೆ ಸೇರಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಲೈಬ್ರರಿ ಉಚಿತವಾಗಿ ಸಿಗುತ್ತದೆ, ಲ್ಯಾಬಿನ ಕಂಪ್ಯೂಟರುಗಳಲ್ಲಿ ಒಂದಕ್ಕಿಂತ ಹೆಚ್ಚು ಕೋರ್‌ಗಳು ಈಗಾಗಲೇ ಇವೆ.